ಡ್ರ್ಯಾಗ್ ಸರಿಯಿತ್ತು, ಜಾರುತ್ತಿದ್ದದ್ದು ದಾರ: ಮಂಜೇಶ್ವರದ ಒಂದು ರೀಲಿನ ಪ್ರಕರಣ

ಬ್ರೇಡ್ (ಸಪೂರ ಎಳೆಗಳನ್ನು ಹೆಣೆದು ಮಾಡಿದ ಗಾಳದ ದಾರ) ಹಾಕಿದ ರೀಲು ದೊಡ್ಡ ಮೀನು ಎಳೆದಾಗ ನಿಲ್ಲುವುದಿಲ್ಲ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ಬಿಡುವ ರೀಲಿನ ಬ್ರೇಕು) ಎಷ್ಟು ಬಿಗಿ ಮಾಡಿದರೂ ದಾರ ಹೋಗುತ್ತಲೇ ಇರುತ್ತದೆ ಎನ್ನುವ ದೂರು ನಮ್ಮ ಕಡೆ ಈಗೀಗ ಜಾಸ್ತಿ ಕೇಳಿಬರುತ್ತಿದೆ. ಎಲ್ಲರೂ ಮೊದಲು ಬೈಯುವುದು ಡ್ರ್ಯಾಗನ್ನು. ಆಮೇಲೆ ರೀಲು ಮಾಡಿದವರನ್ನು. ಬೇಸರದಲ್ಲಿ ಹೊಸ ರೀಲು ತಗೊಂಡವರೂ ಇದ್ದಾರೆ, ಹಳೆಯ ದಾರವನ್ನೇ ಅದೇ ರೀತಿ ಸುತ್ತಿಕೊಂಡು ಮತ್ತೆ ಅದೇ ಪಾಡು ಪಟ್ಟಿದ್ದಾರೆ. ಯಾಕೆಂದರೆ ಇಂಥ ಹೆಚ್ಚಿನ ರೀಲುಗಳಲ್ಲಿ ತೊಂದರೆ ಇರುವುದು ಡ್ರ್ಯಾಗಿನಲ್ಲಿ ಅಲ್ಲ, ದಾರ ಸುತ್ತುವ ಉರುಳೆ, ಅಂದರೆ ಸ್ಪೂಲಿನ ನಡುಭಾಗಕ್ಕೆ ತಾಗಿಕೊಂಡು ಕೂತ ಮೊದಲ ಸುತ್ತಿನಲ್ಲಿ. ಅದು ಕಣ್ಣಿಗೆ ಬೀಳುವುದಿಲ್ಲ. ಮೇಲೆ ನೂರು ನೂರೈವತ್ತು ಮೀಟರ್ ದಾರ ಕೂತಿರುತ್ತದೆ.

ಇಲ್ಲಿ ಬರೆಯುತ್ತಿರುವುದು ನಮ್ಮ ಭಾವನ ರೀಲಿನ ವಿಷಯ. ಏನಾಯಿತು, ಯಾವುದನ್ನು ಮೊದಲು ಸಂಶಯಪಟ್ಟರು, ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು, ಏನು ಮಾಡಿದ ಮೇಲೆ ಸರಿಯಾಯಿತು ಅಂತ ಪೂರ್ತಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಆದರೆ ಒಂದು ಒಳ್ಳೆಯ ಮೀನು ಕಳೆದುಕೊಂಡವರಿಗೆ ಇದು ಉದ್ದ ಅನ್ನಿಸಲಿಕ್ಕಿಲ್ಲ.

ಭಾವ ಗಲ್ಫಿನಲ್ಲಿರುವವರು, ರಜೆಯಲ್ಲಿ ಊರಿಗೆ ಬಂದಾಗ ಗಾಳ ಹಾಕುವುದೆಂದರೆ ಊಟ ಬೇಡ. ಬರುವಾಗ ಒಂದು ಸ್ಪಿನ್ನಿಂಗ್ ರೀಲು ತಂದಿದ್ದರು, 4000 ಸೈಜಿನದ್ದು, ಅಲ್ಯೂಮಿನಿಯಂ ಸ್ಪೂಲು. ಪೆಟ್ಟಿಗೆಯಲ್ಲಿ ಅದೇ ಅಳತೆಯ ಇನ್ನೊಂದು ಸ್ಪೂಲೂ ಇತ್ತು (ಈ ಎರಡನೆಯ ಸ್ಪೂಲು ಆಮೇಲೆ ತುಂಬಾ ಉಪಯೋಗಕ್ಕೆ ಬಂತು). ದಾರ 30 ಪೌಂಡು ಎಳೆತ ತಡೆಯುವ ಬ್ರೇಡ್, ಎಂಟು ಎಳೆ ಹೆಣೆದದ್ದು, 150 ಮೀಟರ್. ಮುಂದೆ 40 ಪೌಂಡಿನ ಲೀಡರ್ (ಗಾಳದ ಕಡೆಯ ತುದಿಗೆ ಕಟ್ಟುವ ಬೇರೆ ತುಂಡು ದಾರ). ಬ್ರೇಡನ್ನು ಅವರು ನೇರವಾಗಿ ಸ್ಪೂಲಿಗೇ ಕಟ್ಟಿದ್ದರು. ಎರಡು ಬೆರಳಿನ ಮಧ್ಯೆ ದಾರ ಹಿಡಿದು, ಫ್ಯಾನಿನ ಕೆಳಗೆ ಕೂತು, ಆರಾಮಾಗಿ ಸುತ್ತಿದ್ದರು. ಹೆಚ್ಚಿನವರು ಮಾಡುವುದೂ ಹೀಗೆಯೇ.

ಮಂಜೇಶ್ವರದ ಮೀನುಗಾರಿಕಾ ಬಂದರಿನಲ್ಲಿ ಅಳಿವೆಯ ಎರಡೂ ಬದಿಗೆ ಕಡಲೊಳಗೆ ಕಲ್ಲು ಹಾಕಿ ಕಟ್ಟಿದ ತಡೆಗೋಡೆಗಳಿವೆ. ಮಳೆ ಕಡಿಮೆಯಾಗಿ ನೀರು ಸ್ವಲ್ಪ ತಿಳಿಯಾದ ಮೇಲೆ, ಭರತದ ಹೊತ್ತಿಗೆ, ಆ ಕಲ್ಲುಗಳ ಸಂದಿಯಿಂದ ಚೆಂಬಲ್ಲಿ ಮೀನು ಹೊರಗೆ ಬಂದು ಲೂರಿಗೆ (ಎರೆಯ ಬದಲು ಕಟ್ಟುವ ನಕಲಿ ಮೀನು) ಹೊಡೆಯುತ್ತದೆ. ಚೆಂಬಲ್ಲಿ ಹಿಡಿದವರಿಗೆ ಗೊತ್ತು, ಆ ಮೀನು ಓಡುವುದು ಕಡಲಿಗಲ್ಲ, ಬಂದ ಕಲ್ಲಿನ ಸಂದಿಗೇ ವಾಪಸು. ಮೊದಲ ಕೆಲವು ಸೆಕೆಂಡಿನಲ್ಲಿ ಅದರ ತಲೆ ತಿರುಗಿಸಿದರೆ ಮೀನು ನಿಮ್ಮದು. ಆಗಲಿಲ್ಲ ಅಂದರೆ ಕಲ್ಲಿಗೆ ಕಚ್ಚಿಕೊಂಡಿರುವ ಕಲ್ಲುಮ್ಮಕ್ಕಾಯಿ ಚಿಪ್ಪು ದಾರವನ್ನು ಕತ್ತರಿಸಿ ಕೊಡುತ್ತದೆ. ಬ್ರೇಡ್ ಎಳೆತಕ್ಕೆ ಎಷ್ಟು ಗಟ್ಟಿಯೋ ಉಜ್ಜುವುದಕ್ಕೆ ಅಷ್ಟೇ ಸೂಕ್ಷ್ಮ.

ಭಾವನಿಗೆ ಆದದ್ದು ಅದೇ. ಮೀನು ಹೊಡೆಯಿತು, ರಾಡ್ ಬಾಗಿತು, ದಾರ ಹೋಗತೊಡಗಿತು. ಡ್ರ್ಯಾಗ್ ತಿರುಪು ಬಿಗಿ ಮಾಡಿದರು. ಆದರೂ ಹೋಗುತ್ತಿದೆ. ಪೂರ್ತಿ ಬಿಗಿ ಮಾಡಿದರು, ಆಗಲೂ ಹೋಗುತ್ತಿದೆ. ಹ್ಯಾಂಡಲ್ ತಿರುಗಿಸಿದರೆ ತಿರುಗುತ್ತದೆ, ದಾರ ಮಾತ್ರ ಒಳಗೆ ಬರುತ್ತಿಲ್ಲ. ಅಷ್ಟರಲ್ಲಿ ಮೀನು ಕಲ್ಲು ಸೇರಿ ದಾರ ತುಂಡಾಯಿತು. ಅವತ್ತು ಸಂಜೆ ಫೋನಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ಎಂತದು ಮಾರಾಯ, ಹೊಸ ರೀಲಿನ ಡ್ರ್ಯಾಗೇ ಸರಿಯಿಲ್ಲ."

ಆ ಮಾತಿನಲ್ಲಿ ಒಂದು ಸುಳಿವು ಇರಲಿಲ್ಲ, ಅದನ್ನು ನಾನು ಆಮೇಲೆ ಕೇಳಿದೆ. ದಾರ ಹೋಗುವಾಗ ರೀಲು ಟಿರ್ರ್ ಅಂತ ಶಬ್ದ ಮಾಡಿತ್ತಾ? ಭಾವ ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲ, ಸದ್ದೇ ಇರಲಿಲ್ಲ" ಅಂದರು. ಪ್ರಕರಣದ ಅರ್ಧ ಭಾಗ ಅಲ್ಲಿಗೇ ಮುಗಿದಿತ್ತು. ಆದರೆ ಈ ಪ್ರಶ್ನೆ ಕೇಳುವ ಮೊದಲೇ ಎರಡು ಕೆಲಸ ಆಗಿಹೋಗಿದ್ದವು.

ಮೊದಲನೆಯದು ಸರ್ವಿಸ್. ರೀಲು ರಿಪೇರಿ ಮಾಡುವವರ ಹತ್ತಿರ ಕೊಟ್ಟರು. ಅವರು ಸ್ಪೂಲಿನೊಳಗಿನ ಡ್ರ್ಯಾಗ್ ವಾಶರುಗಳನ್ನು ತೆಗೆದು ಒರೆಸಿ, ಹೊಸ ಗ್ರೀಸ್ ಹಾಕಿ, ಸ್ಪೂಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಸರಿಯಿದೆ ಅಂತ ವಾಪಸು ಕೊಟ್ಟರು. ಅವರು ಹೇಳಿದ್ದು ನಿಜವೇ. ಡ್ರ್ಯಾಗ್ ಮೊದಲೂ ಸರಿಯಿತ್ತು, ಆಮೇಲೂ ಸರಿಯಿತ್ತು.

ಎರಡನೆಯದು ಟೇಪ್. ಯಾರೋ ಹೇಳಿದರು, ಬ್ರೇಡ್ ಸ್ಪೂಲಿನ ಮೇಲೆ ಜಾರುತ್ತದೆ, ಕೆಳಗೆ ಇನ್ಸುಲೇಶನ್ ಟೇಪ್ ಸುತ್ತಿ ಅಂತ. ಸಲಹೆ ಸರಿಯಾದ ದಿಕ್ಕಿನಲ್ಲೇ ಇತ್ತು. ಭಾವ ದಾರ ಬಿಚ್ಚಿ, ವಯರಿಂಗಿಗೆ ಬಳಸುವ ಕರಿ ಟೇಪನ್ನು ನಾಲ್ಕೈದು ಸುತ್ತು ಸುತ್ತಿ, ಅದರ ಮೇಲೆ ಮತ್ತೆ ಬ್ರೇಡ್ ಕಟ್ಟಿದರು. ಸ್ವಲ್ಪ ಕಾಲ ಚೆನ್ನಾಗಿತ್ತು. ಸಣ್ಣ ವಟ್ಟ ಮೀನುಗಳೆಲ್ಲ ಬಂದವು. ಆಮೇಲೆ ರೀಲು ಕಾರಿನ ಡಿಕ್ಕಿಯಲ್ಲೇ ಬಿಸಿಲಿನಲ್ಲಿ ಉಳಿದ ಒಂದು ದಿನದ ಮರುದಿವಸ, ಸ್ವಲ್ಪ ದೊಡ್ಡ ಮೀನು ಸಿಕ್ಕಿದ್ದೇ ತಡ, ಮೊದಲಿನ ರೋಗ ಮತ್ತೆ ಶುರು. ಆಗ ರೀಲು ನನ್ನ ಕೈಗೆ ಬಂತು.

ನಾನು ದಾರ ಬಿಚ್ಚಲಿಲ್ಲ. ರೋಗ ಇರುವಾಗಲೇ ನೋಡಬೇಕು, ಬಿಚ್ಚಿದ ಮೇಲೆ ಏನೂ ಕಾಣುವುದಿಲ್ಲ. ಒಂದು ಮಾರ್ಕರ್ ಪೆನ್ನಿನಿಂದ ಸ್ಪೂಲಿನ ಅಂಚಿನ ಮೇಲೆ ಒಂದು ಗೆರೆ ಎಳೆದೆ, ಅದೇ ಗೆರೆಯನ್ನು ಮುಂದುವರಿಸಿ ಸುತ್ತಿದ ದಾರದ ಮೇಲೂ ಎಳೆದೆ. ಅಂಚಿನ ಗೆರೆ ಮತ್ತು ದಾರದ ಗೆರೆ ಒಂದೇ ನೇರದಲ್ಲಿರಬೇಕು. ಡ್ರ್ಯಾಗನ್ನು ಪೂರ್ತಿ ಬಿಗಿ ಮಾಡಿದೆ. ಆಮೇಲೆ ಲೀಡರಿನ ತುದಿಯನ್ನು ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಕಟ್ಟಿದೆ. ಗಲ್ಫಿನವರ ಮನೆಯಲ್ಲಿ ಈ ತಕ್ಕಡಿ ಇಲ್ಲದೆ ಇರುವುದಿಲ್ಲ ಅಲ್ವಾ, ರೀಲು ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಾಧನ ಬೇಡ. ಭಾವನಿಗೆ ತಕ್ಕಡಿ ಕೊಟ್ಟು, ರಾಡ್ ಬಾಗದ ಹಾಗೆ ನೇರ ಹಿಡಿದು, ನಿಧಾನ ಎಳೆಯಲು ಹೇಳಿದೆ. ಕಣ್ಣು ಸ್ಪೂಲಿನ ಮೇಲೆ, ಕಿವಿ ಕ್ಲಿಕ್ಕಿನ ಕಡೆಗೆ.

ಒಂದು ಕಿಲೋ, ಏನೂ ಇಲ್ಲ. ಎರಡು ಕಿಲೋ ದಾಟುತ್ತಿದ್ದ ಹಾಗೆ ದಾರದ ಮೇಲಿನ ಗೆರೆ ಮೆಲ್ಲನೆ ಅಂಚಿನ ಗೆರೆಯಿಂದ ಬೇರೆಯಾಗಿ ಬದಿಗೆ ಸರಿಯಿತು. ಸ್ಪೂಲು ಅಲ್ಲೇ ನಿಂತಿದೆ. ಅದರ ಮೇಲಿನ ದಾರದ ಉಂಡೆ ಇಡಿಯಾಗಿ, ಬಳೆಯ ಥರ, ಸುತ್ತ ತಿರುಗುತ್ತಿದೆ. ಒಂದೇ ಒಂದು ಕ್ಲಿಕ್ ಇಲ್ಲ.

ಈ ಕ್ಲಿಕ್ಕಿನ ವಿಷಯ ಎಲ್ಲರೂ ತಿಳಿದುಕೊಂಡಿರಬೇಕು. ಸ್ಪಿನ್ನಿಂಗ್ ರೀಲಿನಲ್ಲಿ ಡ್ರ್ಯಾಗ್ ಬಿಡುವುದು ಅಂದರೆ ಸ್ಪೂಲೇ ತಿರುಗುವುದು. ಸ್ಪೂಲು ತಿರುಗಿದರೆ ಅದರ ಅಡಿಯಲ್ಲಿರುವ ಸಣ್ಣ ನಾಲಗೆ ಹಲ್ಲುಗಳಿಗೆ ತಾಗಿ ಸದ್ದು ಬರುತ್ತದೆ. ದಾರ ಹೋಗುತ್ತಿದೆ, ಸದ್ದೂ ಬರುತ್ತಿದೆ ಅಂದರೆ ಡ್ರ್ಯಾಗ್ ಸಡಿಲ ಇದೆ ಅಥವಾ ಹಾಳಾಗಿದೆ. ದಾರ ಹೋಗುತ್ತಿದೆ, ಸದ್ದು ಇಲ್ಲ ಅಂದರೆ ಸ್ಪೂಲು ತಿರುಗುತ್ತಿಲ್ಲ, ದಾರವೇ ಅದರ ಮೇಲೆ ಜಾರುತ್ತಿದೆ. ಹ್ಯಾಂಡಲ್ ಹಿಂದಕ್ಕೆ ತಿರುಗುತ್ತಿದ್ದರೆ ಅದು ಬೇರೆಯೇ ಕಾಯಿಲೆ, ಒಳಗಿನ ತಡೆ ಬೇರಿಂಗಿನದ್ದು. ಇಷ್ಟನ್ನು ಕಲ್ಲಿನ ಮೇಲೆ ನಿಂತೇ, ಏನೂ ಬಿಚ್ಚದೆ, ಕಿವಿಯಿಂದಲೇ ಹೇಳಬಹುದು. ಆದರೆ ಕೆಲವು ರೀಲುಗಳಲ್ಲಿ ಕ್ಲಿಕ್ ತುಂಬಾ ಮೆಲ್ಲಗೆ ಇರುತ್ತದೆ, ಅಲೆಯ ಸದ್ದಿನಲ್ಲಿ ಕೇಳುವುದಿಲ್ಲ, ಅಂಥಲ್ಲಿ ಗೆರೆಯ ಪರೀಕ್ಷೆಯೇ ಬೇಕು.

ಹಾಗಾದರೆ ಬ್ರೇಡ್ ಯಾಕೆ ಜಾರುತ್ತದೆ, ನೈಲಾನ್ ಯಾಕೆ ಜಾರುವುದಿಲ್ಲ? ಇಲ್ಲಿ ಸ್ವಲ್ಪ ನಿಲ್ಲಬೇಕು, ಕಾರಣ ಗೊತ್ತಿದ್ದರೆ ಮದ್ದು ತಾನಾಗಿ ಹೊಳೆಯುತ್ತದೆ.

ಈಗಿನ ಬ್ರೇಡ್ ಪಾಲಿಎಥಿಲೀನ್ ನೂಲು. ಡೈನೀಮಾ, ಸ್ಪೆಕ್ಟ್ರಾ ಅಂತ ಕೇಳುತ್ತೀರಲ್ಲ, ಆ ಜಾತಿಯದ್ದು. ಬಹಳ ಉದ್ದದ ಅಣು ಸರಪಳಿಗಳಿರುವ ಪಾಲಿಎಥಿಲೀನನ್ನು ದ್ರಾವಕದಲ್ಲಿ ಕರಗಿಸಿ ಎಳೆದು ಮಾಡಿದ ನೂಲು, ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ, ನೀರಿಗಿಂತ ಹಗುರ, ಹಾಗಾಗಿ ತೇಲುತ್ತದೆ. ನೀರು ಹೀರುವುದಿಲ್ಲ. ಅದರ ಮೈ ವಿಪರೀತ ನುಣುಪು. ಈ ನುಣುಪಿನಿಂದಲೇ ದೂರ ಬೀಸಲು ಆಗುವುದು, ಅದೇ ನುಣುಪು ಸ್ಪೂಲಿನ ಮೇಲೆ ವೈರಿ. ರೇಷ್ಮೆ ಮುಂಡು ಸೊಂಟದಲ್ಲಿ ನಿಲ್ಲದೆ ಜಾರುತ್ತದೆ, ಹತ್ತಿಯದ್ದು ಕಚ್ಚಿಕೊಂಡು ಕೂರುತ್ತದೆ, ಹಾಗೆ. ಹಿಂದೆ ಬಳಸುತ್ತಿದ್ದ ಡೆಕ್ರಾನ್ (ಪಾಲಿಯೆಸ್ಟರ್) ಹೆಣಿಗೆ ದಾರಕ್ಕೆ ಈ ತೊಂದರೆ ಇಷ್ಟು ಇರಲಿಲ್ಲ. 1990ರ ದಶಕದಲ್ಲಿ ಈ ಹೊಸ ನೂಲು ಗಾಳದ ದಾರವಾಗಿ ಬಂದ ಮೇಲೆ ಎಲ್ಲ ಕಡೆ ಇದೇ ಪಾಠ ಕಲಿಯಬೇಕಾಯಿತು.

ನುಣುಪು ಒಂದೇ ಕಾರಣ ಅಲ್ಲ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಹಿಗ್ಗುವಿಕೆ. ನೈಲಾನ್ ದಾರವನ್ನು ಸ್ವಲ್ಪ ಬಿಗಿಯಾಗಿ ಸುತ್ತಿದರೆ ಅದು ಸುತ್ತುವಾಗ ಹಿಗ್ಗಿರುತ್ತದೆ. ಸ್ಪೂಲಿನ ಮೇಲೆ ಕೂತ ಮೇಲೆ ಕುಗ್ಗಲು ನೋಡುತ್ತದೆ, ಆದರೆ ಕುಗ್ಗಲು ಜಾಗ ಇಲ್ಲ. ಹಾಗಾಗಿ ನಡುಭಾಗವನ್ನು ಅಮುಕಿ ಹಿಡಿದುಕೊಳ್ಳುತ್ತದೆ. ಪದರದ ಮೇಲೆ ಪದರ ಬಂದ ಹಾಗೆ ಈ ಹಿಡಿತ ಜಾಸ್ತಿಯಾಗುತ್ತಾ ಹೋಗುತ್ತದೆ, ಎಷ್ಟೆಂದರೆ ತುಂಬಾ ಬಿಗಿಯಲ್ಲಿ ನೈಲಾನ್ ಸುತ್ತಿದರೆ ಪ್ಲಾಸ್ಟಿಕ್ ಸ್ಪೂಲು ಒಡೆದುಹೋಗುವುದೂ ಉಂಟು. ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಹಿಗ್ಗದ್ದು ಕುಗ್ಗುವುದಿಲ್ಲ. ಕುಗ್ಗದ್ದು ಅಮುಕುವುದಿಲ್ಲ. ಸುಮ್ನೆ ಸ್ಪೂಲಿನ ಮೇಲೆ ಕೂತಿರುತ್ತದೆ, ಅಷ್ಟೇ.

ಗಂಟು ಹಾಕಿದ್ದೀವಲ್ಲ, ಗಂಟು ಹಿಡಿಯುವುದಿಲ್ಲವಾ ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಗಂಟು ಬಿಚ್ಚಿಹೋಗುವುದಿಲ್ಲ, ನಿಜ. ಆದರೆ ಆ ಗಂಟು ದಾರವನ್ನು ದಾರಕ್ಕೆ ಕಟ್ಟಿದೆ, ಸ್ಪೂಲಿಗಲ್ಲ. ಸ್ಪೂಲಿನ ಸುತ್ತ ಒಂದು ಕುಣಿಕೆ ಇದೆ, ಕುಣಿಕೆ ಗಂಟಿನ ಸಮೇತ ತಿರುಗಬಹುದು. ನುಣುಪಾದ ಲೋಹದ ಮೇಲೆ ನುಣುಪಾದ ಕುಣಿಕೆ, ತಿರುಗದೆ ಇನ್ನೇನು ಮಾಡೀತು?

ಸಣ್ಣ ಮೀನು ಸಿಕ್ಕಾಗ ಯಾಕೆ ಗೊತ್ತಾಗಲಿಲ್ಲ ಅನ್ನುವುದಕ್ಕೂ ಉತ್ತರ ಸುಲಭ. ಜಾರಲು ಒಂದಷ್ಟು ಎಳೆತ ಬೇಕು, ಭಾವನ ರೀಲಿನಲ್ಲಿ ಅದು ಎರಡು ಕಿಲೋದ ಆಸುಪಾಸು. ಅದಕ್ಕಿಂತ ಕಡಿಮೆ ಎಳೆಯುವ ಮೀನಿಗೆಲ್ಲ ರೀಲು ಸರಿಯಾಗಿಯೇ ಇರುತ್ತದೆ. 30 ಪೌಂಡ್ ಅಂದರೆ ಸುಮಾರು 13.6 ಕಿಲೋ. ಡ್ರ್ಯಾಗನ್ನು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಡುವುದು ರೂಢಿ, ಅಂದರೆ ಮೂರೂವರೆಯಿಂದ ನಾಲ್ಕೂವರೆ ಕಿಲೋ. ದಾರ ಎರಡು ಕಿಲೋಗೇ ಜಾರುವುದಾದರೆ ನಾಲ್ಕು ಕಿಲೋಗೆ ಇಟ್ಟ ಡ್ರ್ಯಾಗಿಗೆ ಕೆಲಸವೇ ಬರುವುದಿಲ್ಲ. ಇನ್ನೊಂದು ವಿಷಯ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಸ್ಪೂಲು ತುಂಬಿದಷ್ಟೂ ಜಾರುವುದು ಸುಲಭ. ದಾರ ಎಳೆಯುವುದು ಉಂಡೆಯ ಹೊರ ಅಂಚಿನಲ್ಲಿ, ಹಿಡಿತ ಇರುವುದು ಒಳಗೆ ನಡುವಿನಲ್ಲಿ. ಉಂಡೆ ದಪ್ಪ ಆದಷ್ಟೂ ಎಳೆತಕ್ಕೆ ಸನ್ನೆಯ ಬಲ ಜಾಸ್ತಿ. ಹಾಗಾಗಿ ಸರಿಯಾಗಿ ತುಂಬಿಸಿದ ಸ್ಪೂಲಿಗೆ ಅಡಿಪಾಯವೂ ಸರಿಯಾಗಿ ಬೇಕು.

ಗೆರೆಯ ಪರೀಕ್ಷೆ ಮುಗಿದ ಮೇಲೆ ದಾರ ಬಿಚ್ಚಿದೆವು. ಕೊನೆಯ ಪದರದ ಕೆಳಗೆ ಟೇಪ್ ಕಂಡಿತು. ನಾಲ್ಕೈದು ಸುತ್ತಿನ ಟೇಪ್ ಒಂದರ ಮೇಲೊಂದು ಸರಿದು, ಒಂದು ಬದಿಗೆ ಮಡಿಕೆ ಮಡಿಕೆಯಾಗಿ ಒತ್ತಿಕೊಂಡಿತ್ತು. ಅಂಟು ಕರಗಿ ಅಂಚಿನಿಂದ ಹೊರಗೆ ಬಂದು, ಬ್ರೇಡಿನ ಮೊದಲ ಕೆಲವು ಮೀಟರಿಗೆ ಕರಿ ಗೋಂದಿನ ಹಾಗೆ ಹತ್ತಿಕೊಂಡಿತ್ತು. ಟೇಪನ್ನು ಉಗುರಿನಿಂದ ಎತ್ತಿದರೆ ಕೆಳಗೆ ಉಪ್ಪುನೀರಿನ ಹನಿ, ಅಲ್ಯೂಮಿನಿಯಂ ಮೇಲೆ ಬಿಳಿ ಚುಕ್ಕೆ ಬೀಳಲು ಶುರುವಾಗಿತ್ತು.

ಟೇಪ್ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಟೇಪ್ ಹಾಕಿ ವರ್ಷಗಟ್ಟಲೆ ತೊಂದರೆ ಇಲ್ಲದೆ ಗಾಳ ಹಾಕುವವರಿದ್ದಾರೆ. ಹಾಕುವುದಾದರೆ ಒಂದೇ ಸುತ್ತು, ತುದಿ ಸ್ವಲ್ಪ ಮೇಲೆ ಬರುವಷ್ಟು, ಸ್ಪೂಲನ್ನು ಸ್ಪಿರಿಟಿನಲ್ಲಿ ಒರೆಸಿ ಒಣಗಿಸಿ, ಗಾಳಿ ಸೇರದ ಹಾಗೆ ಎಳೆದು ಅಂಟಿಸಬೇಕು. ಸುತ್ತು ಜಾಸ್ತಿಯಾದರೆ ಹಿಡಿತ ಜಾಸ್ತಿಯಾಗುವುದಿಲ್ಲ, ಟೇಪಿನ ಮೇಲೆ ಟೇಪ್ ಜಾರಲು ಇನ್ನಷ್ಟು ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ನಮ್ಮ ಸೆಕೆಯಲ್ಲಿ, ಮುಚ್ಚಿದ ಕಾರಿನಲ್ಲಿ, ಆ ಅಂಟು ಬಹಳ ಕಾಲ ಗಟ್ಟಿಯಾಗಿ ಉಳಿಯುವುದಿಲ್ಲ. ಹಾಗಾಗಿ ಕಡಲಬದಿಯ ನಮಗೆ ಟೇಪ್ ತುರ್ತಿಗೆ ಸರಿ, ಕಾಯಂ ಮದ್ದಲ್ಲ ಅಂತ ನನ್ನ ಅಭಿಪ್ರಾಯ.

ಕಾಯಂ ಮದ್ದು ನೈಲಾನ್ ತಳ. ಸ್ಪೂಲಿಗೆ ಮೊದಲು ನೈಲಾನ್ ದಾರ ಕಟ್ಟಿ ಸುತ್ತುವುದು, ಅದರ ತುದಿಗೆ ಬ್ರೇಡ್ ಗಂಟು ಹಾಕಿ ಮುಂದುವರಿಸುವುದು. ಸ್ಪೂಲನ್ನು ನೈಲಾನ್ ಹಿಡಿದುಕೊಳ್ಳುತ್ತದೆ, ಬ್ರೇಡನ್ನು ಗಂಟು ಹಿಡಿದುಕೊಳ್ಳುತ್ತದೆ. ಬರೇ ಜಾರುವುದನ್ನು ತಪ್ಪಿಸಲಿಕ್ಕೆ ನಡುಭಾಗ ಎರಡು ಮೂರು ಪದರ ಮುಚ್ಚುವಷ್ಟು, ಹತ್ತು ಮೀಟರಿನ ಆಸುಪಾಸು ನೈಲಾನ್ ಸಾಕು. ಆದರೆ ಭಾವನ ಸ್ಪೂಲಿಗೆ ಇನ್ನೊಂದು ಕೊರತೆಯೂ ಇತ್ತು. 150 ಮೀಟರ್ ಬ್ರೇಡಿಗೆ ಆ ಆಳದ ಸ್ಪೂಲು ತುಂಬುವುದೇ ಇಲ್ಲ. ಅಂಚಿನಿಂದ ತುಂಬಾ ಕೆಳಗೆ ದಾರ ಇದ್ದರೆ ಬೀಸುವಾಗ ಅಂಚಿಗೆ ಉಜ್ಜಿ ದೂರ ಕಡಿಮೆಯಾಗುತ್ತದೆ. ನೈಲಾನ್ ತಳ ಹಾಕಿದರೆ ಎರಡೂ ಕೆಲಸ ಒಟ್ಟಿಗೇ ಆಗುತ್ತದೆ, ದುಬಾರಿ ಬ್ರೇಡೂ ಉಳಿಯುತ್ತದೆ.

ಎಷ್ಟು ನೈಲಾನ್ ಹಾಕಿದರೆ ಮೇಲೆ 150 ಮೀಟರ್ ಬ್ರೇಡ್ ಸರಿಯಾಗಿ ಅಂಚಿನವರೆಗೆ ಬರುತ್ತದೆ? ಲೆಕ್ಕ ಹಾಕಬಹುದು, ಆದರೆ ದಾರದ ಪೊಟ್ಟಣದ ಮೇಲೆ ಬರೆದ ದಪ್ಪ ನಂಬುವ ಹಾಗಿಲ್ಲ. ಇಲ್ಲಿ ಎರಡನೆಯ ಸ್ಪೂಲು ಉಪಯೋಗಕ್ಕೆ ಬಂತು. ಆ ಖಾಲಿ ಸ್ಪೂಲಿಗೆ ಮೊದಲು ಬ್ರೇಡ್ ಸುತ್ತಿದೆವು, ಮೀನು ಹಿಡಿಯುವ ತುದಿ ಕೆಳಗೆ ಬರುವ ಹಾಗೆ. ಗೋಂದು ಹತ್ತಿದ ಭಾಗವನ್ನು ಕತ್ತರಿಸಿ ತೆಗೆದೆವು. ಬ್ರೇಡ್ ಮುಗಿದ ಮೇಲೆ ಅದರ ತುದಿಗೆ 20 ಪೌಂಡಿನ ನೈಲಾನ್ ಗಂಟು ಹಾಕಿ, ಅಂಚಿಗೆ ಎರಡು ಮಿಲಿಮೀಟರ್ ಕಡಿಮೆ ಆಗುವವರೆಗೆ ಸುತ್ತಿ, ಕತ್ತರಿಸಿದೆವು. ಈಗ ಬೇಕಾದ ಅಳತೆ ಸರಿಯಾಗಿ ಸಿಕ್ಕಿತು, ಆದರೆ ತಲೆಕೆಳಗು. ಅಲ್ಲಿಂದ ಮೊದಲ ಸ್ಪೂಲಿಗೆ ವಾಪಸು ಸುತ್ತಿದರೆ ನೈಲಾನ್ ತಳಕ್ಕೆ, ಬ್ರೇಡ್ ಮೇಲಕ್ಕೆ. ಎರಡನೆಯ ಸ್ಪೂಲು ಇಲ್ಲದವರು ಉದ್ದ ಮೈದಾನದಲ್ಲಿ ದಾರ ಪೂರ್ತಿ ಬಿಡಿಸಿ, ಇನ್ನೊಂದು ತುದಿಯಿಂದ ಸುತ್ತಿಕೊಳ್ಳಬೇಕು.

ಗಂಟಿನ ಬಗ್ಗೆ. ಸ್ಪೂಲಿಗೆ ನೈಲಾನ್ ಕಟ್ಟುವ ಮೊದಲು ಬೇಲ್ ಕಂಬಿ (ದಾರವನ್ನು ಹಿಡಿದು ಸ್ಪೂಲಿಗೆ ಸುತ್ತುವ ಮಡಚುವ ಕಂಬಿ) ತೆರೆದಿರಲಿ, ಮುಚ್ಚಿ ಕಟ್ಟಿದರೆ ಪೂರ್ತಿ ಮತ್ತೆ ಬಿಚ್ಚಬೇಕಾಗುತ್ತದೆ. ನೈಲಾನನ್ನು ನಡುಭಾಗದ ಸುತ್ತ ಎರಡು ಸಲ ತಂದು, ತುದಿಯಿಂದ ಮೂಲ ದಾರದ ಸುತ್ತ ಒಂದು ಸಾದಾ ಗಂಟು ಹಾಕಿ, ತುದಿಯಲ್ಲಿ ಇನ್ನೊಂದು ಸಣ್ಣ ಗಂಟು ಹಾಕಬೇಕು. ಎಳೆದಾಗ ಎರಡನೆಯ ಗಂಟು ಮೊದಲನೆಯದಕ್ಕೆ ಬಂದು ಒರಗಿ ನಿಲ್ಲುತ್ತದೆ. ಬಿಗಿ ಮಾಡುವ ಮೊದಲು ಉಗುಳಿನಿಂದ ಒದ್ದೆ ಮಾಡಿ, ಒಣಗಿದ ನೈಲಾನ್ ಉಜ್ಜಿದರೆ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಬಾಲವನ್ನು ಹತ್ತಿರಕ್ಕೆ ಕತ್ತರಿಸಿ.

ನೈಲಾನಿಗೂ ಬ್ರೇಡಿಗೂ ಸೇರಿಸಲು ಡಬಲ್ ಯೂನಿ ಗಂಟು ಸಾಕು. ನೈಲಾನಿನ ಕಡೆ ಐದು ಸುತ್ತು, ಬ್ರೇಡಿನ ಕಡೆ ಎಂಟು ಸುತ್ತು. ಬ್ರೇಡಿಗೆ ಸುತ್ತು ಯಾಕೆ ಜಾಸ್ತಿ ಅಂದರೆ ಕಾರಣ ಅದೇ, ಅದು ತನ್ನ ಮೈ ಮೇಲೆಯೂ ಜಾರುತ್ತದೆ. ಇದಕ್ಕಿಂತ ಸಪೂರ ಗಂಟುಗಳಿವೆ, ಲೀಡರಿಗೆ ಅವು ಬೇಕು. ಇದು ಸ್ಪೂಲಿನ ತಳದಲ್ಲಿ ಕೂರುವ ಗಂಟು, ಬಹಳ ದೊಡ್ಡ ಮೀನು ಬಂದರೆ ಮಾತ್ರ ಹೊರಗೆ ಬರುವುದು, ಸ್ವಲ್ಪ ದಪ್ಪ ಇದ್ದರೂ ನಡೆಯುತ್ತದೆ.

ಇನ್ನು ಸುತ್ತುವಾಗಿನ ಬಿಗಿ. ನನಗೆ ಇದು ಗಂಟಿಗಿಂತ ಮುಖ್ಯ. ಭಾವನ ಮಗ ಎರಡನೆಯ ಸ್ಪೂಲಿನ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಹಿಡಿದುಕೊಂಡ. ಭಾವ ಒದ್ದೆ ಬಟ್ಟೆಯಲ್ಲಿ ದಾರವನ್ನು ಒತ್ತಿ ಹಿಡಿದರು. ನಾನು ಹ್ಯಾಂಡಲ್ ತಿರುಗಿಸಿದೆ. ನೈಲಾನ್ ಸುತ್ತುವಾಗ ರಾಡಿನ ಕೆಳಭಾಗ ಸ್ವಲ್ಪ ಬಾಗುವಷ್ಟು ಬಿಗಿ ಇರಲಿ, ಅದು ಹಿಗ್ಗಿಕೊಂಡು ಕೂರಬೇಕು. ಬ್ರೇಡನ್ನೂ ಅಷ್ಟೇ ಬಿಗಿಯಾಗಿ ಸುತ್ತಬೇಕು, ಇಲ್ಲದಿದ್ದರೆ ದೊಡ್ಡ ಮೀನು ಎಳೆದಾಗ ಮೇಲಿನ ದಾರ ಕೆಳಗಿನ ಪದರದೊಳಗೆ ಹೂತುಹೋಗುತ್ತದೆ, ಮುಂದಿನ ಸಲ ಬೀಸುವಾಗ ತಟ್ಟನೆ ಸಿಕ್ಕಿಕೊಂಡು ಲೂರ್ ಹಾರಿಹೋಗುತ್ತದೆ. ಬರಿ ಬೆರಳಿನಲ್ಲಿ ಬ್ರೇಡ್ ಒತ್ತಿ ಹಿಡಿಯಬೇಡಿ, ಬ್ಲೇಡಿನ ಹಾಗೆ ಕೊಯ್ಯುತ್ತದೆ. ಕೈಗೆ ಸುತ್ತಿ ಎಳೆಯುವುದಂತೂ ಬೇಡವೇ ಬೇಡ. ಎಲ್ಲ ಆದ ಮೇಲೆ ತುದಿಯನ್ನು ಒಂದು ತೆಂಗಿನಮರಕ್ಕೆ ಕಟ್ಟಿ, ತೋಟದ ಉದ್ದಕ್ಕೂ ಹಿಂದೆ ಹಿಂದೆ ನಡೆದು ಐವತ್ತು ಅರವತ್ತು ಮೀಟರ್ ಬಿಟ್ಟು, ರಾಡ್ ಬಾಗಿಸಿಕೊಂಡು ಮತ್ತೆ ಸುತ್ತಿದೆವು. ಬೀಸುವುದಕ್ಕೆ ಬರುವುದು ಈ ಮೇಲಿನ ಭಾಗವೇ ಅಲ್ವಾ, ಅದು ಸಡಿಲ ಇರಬಾರದು.

ಮತ್ತೆ ಮಾರ್ಕರ್, ಮತ್ತೆ ತಕ್ಕಡಿ. ಡ್ರ್ಯಾಗ್ ಪೂರ್ತಿ ಬಿಗಿ. ಎರಡು ಕಿಲೋ, ಮೂರು, ನಾಲ್ಕು, ಐದು ದಾಟಿತು, ಗೆರೆಗಳೆರಡೂ ಒಂದೇ ನೇರದಲ್ಲಿ. ಆಮೇಲೆ ಡ್ರ್ಯಾಗ್ ಸ್ವಲ್ಪ ಸಡಿಲಿಸಿ ನಾಲ್ಕು ಕಿಲೋಗೆ ಬಿಡುವ ಹಾಗೆ ಇಟ್ಟೆವು. ಎಳೆದರೆ ಟಿರ್ರ್ ಅಂತ ಸ್ಪೂಲು ತಿರುಗಿತು, ಗೆರೆಯೂ ಸ್ಪೂಲಿನ ಜೊತೆಗೇ ತಿರುಗಿತು. ಭಾವನ ಮುಖ ನೋಡಬೇಕಿತ್ತು! "ಇಷ್ಟೇಯಾ?" ಅಂದರು. ಇಷ್ಟೇ. ಆದರೆ ದಾರ ದೂರ ಹೋದ ಹಾಗೆ ಸ್ಪೂಲಿನ ಮೇಲಿನ ಉಂಡೆ ಸಣ್ಣದಾಗಿ ಡ್ರ್ಯಾಗಿನ ಎಳೆತ ತಾನಾಗಿ ಜಾಸ್ತಿಯಾಗುತ್ತದೆ, ಹಾಗಾಗಿ ಮೀನು ತುಂಬಾ ಓಡಿದರೆ ತಿರುಪು ಬಿಗಿ ಮಾಡಲು ಹೋಗಬೇಡಿ ಅಂತ ಹೇಳಿದೆ.

ಆಮೇಲೆ ಅದೇ ತಡೆಗೋಡೆಯಲ್ಲಿ ಭಾವನಿಗೆ ಒಂದು ಒಳ್ಳೆಯ ವಟ್ಟ ಸಿಕ್ಕಿತು. ಅದು ಹೊರಗಿನ ನೀರಿಗೆ ಓಡಿತು, ರೀಲು ಕೂಗಿತು, ನಿಂತಿತು, ಮತ್ತೆ ಕೂಗಿತು. ಮೀನು ಮೇಲೆ ಬಂತು. ಚೆಂಬಲ್ಲಿಯೂ ಸಿಕ್ಕಿತು, ಕಲ್ಲಿನ ಸಂದಿಗೆ ಓಡುವ ಮೊದಲೇ ತಲೆ ತಿರುಗಿತು, ತುಂಬಾ ದೊಡ್ಡದಲ್ಲ. ಮೊದಲು ಕಳೆದುಕೊಂಡ ಮೀನು ಅದಕ್ಕಿಂತ ಎಷ್ಟು ದೊಡ್ಡದಿತ್ತು ಅನ್ನುವುದನ್ನು ಭಾವನಿಂದಲೇ ಕೇಳಬೇಕು.

ಹೊಸ ರೀಲು ತಗೊಳ್ಳುವವರಿಗೆ ಒಂದು ಮಾತು. ಈಗ ಕೆಲವು ಸ್ಪೂಲುಗಳ ನಡುಭಾಗದಲ್ಲಿ ರಬ್ಬರ್ ಪಟ್ಟಿ ಇರುತ್ತದೆ, ಕೆಲವಕ್ಕೆ ದಾರ ತೂರಿಸಿ ಕಟ್ಟಲು ತೂತು ಇರುತ್ತದೆ. ಅಂಥದ್ದಕ್ಕೆ ಬ್ರೇಡನ್ನು ನೇರ ಕಟ್ಟಬಹುದು. ಪೆಟ್ಟಿಗೆಯ ಮೇಲೆ ಬ್ರೇಡ್ ರೆಡಿ ಅಂತ ಬರೆದಿರುತ್ತದೆ. ಬರೆದಿದ್ದರೂ ಗೆರೆಯ ಪರೀಕ್ಷೆ ಒಮ್ಮೆ ಮಾಡಿ, ರಬ್ಬರ್ ಹಳತಾಗಿ ಗಟ್ಟಿಯಾದರೆ ಅದೂ ಬಿಡುತ್ತದೆ. ಕೆಲವರು ಮೊದಲ ಸುತ್ತಿಗೆ ಸೂಪರ್ ಗ್ಲೂ ಹಾಕುತ್ತಾರೆ. ಪಾಲಿಎಥಿಲೀನಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಸ್ಪೂಲು ಮಾತ್ರ ಹಾಳಾಗುತ್ತದೆ, ಅದು ಬೇಡ.

ಬಿಚ್ಚಿ ತೆಗೆದ ತುಂಡು ದಾರವನ್ನು ದಯವಿಟ್ಟು ಕಲ್ಲಿನ ಮೇಲೆ, ಮರಳಿನ ಮೇಲೆ ಬಿಡಬೇಡಿ. ಬ್ರೇಡ್ ಕೊಳೆಯುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ನೀಲೇಶ್ವರದ ತೈಕಡಪ್ಪುರ ಕಡೆ ಕಡಲಾಮೆಗಳು ಮೊಟ್ಟೆಯಿಡಲು ಮರಳಿಗೆ ಹತ್ತುತ್ತವೆ, ತೇಲಿ ಬಂದ ಒಂದು ಮಾರು ದಾರ ಸಾಕು ಅವುಗಳ ಕಾಲಿಗೆ ಸಿಕ್ಕಲು. ಭಾವನ ಸ್ಪೂಲಿನಿಂದ ಕತ್ತರಿಸಿದ ತುಂಡುಗಳನ್ನು ಸಣ್ಣ ಸಣ್ಣದಾಗಿ ಕತ್ತರಿಸಿ ಮನೆಯ ಕಸದ ಡಬ್ಬಕ್ಕೇ ಹಾಕಿದೆವು.

ಉಳಿದದ್ದು ಆರೈಕೆ. ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ನೆರಳಿನಲ್ಲಿ ಒಣಗಿಸಿ. ಬ್ರೇಡಿನ ಮುಂದಿನ ಭಾಗ ಬಣ್ಣ ಹೋಗಿ ನವಿರೆದ್ದ ಮೇಲೆ ಬಿಸಾಡಬೇಕಾಗಿಲ್ಲ, ತಿರುಗಿಸಿ ಸುತ್ತಿದರೆ ಒಳಗಿದ್ದ ಹೊಸ ದಾರ ಮೇಲೆ ಬರುತ್ತದೆ. ನೈಲಾನ್ ತಳವನ್ನು ಮುಟ್ಟಬೇಕಾಗಿಲ್ಲ, ಉಪ್ಪು ಬಿಸಿಲು ತಾಗದೆ ಅದು ಒಳಗೆ ಕೂತಿರುತ್ತದೆ, ಗಂಟನ್ನು ಮಾತ್ರ ಹೊಸದಾಗಿ ಹಾಕಿದರೆ ಸಾಕು. ಭಾವ ಎರಡನೆಯ ಸ್ಪೂಲಿಗೂ ಹೀಗೇ ತಳ ಹಾಕಿಸಿಕೊಂಡರು, ಅದಕ್ಕೆ 20 ಪೌಂಡಿನ ಬ್ರೇಡ್. ಅದು ಸಪೂರ, ಹಾಗಾಗಿ ತಳ ಇನ್ನೂ ಸ್ವಲ್ಪ ಜಾಸ್ತಿ ಬೇಕಾಯಿತು. ಯಾವ ಸ್ಪೂಲಿನಲ್ಲಿ ಯಾವ ನೈಲಾನ್, ಯಾವ ಬ್ರೇಡ್, ಎಷ್ಟು ಮೀಟರ್ ಅಂತ ಒಂದು ಚೀಟಿಯಲ್ಲಿ ಬರೆದು ರೀಲಿನ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದೇವೆ. ಮುಂದಿನ ರಜೆಗೆ ಬರುವಾಗ ಅದೇ ಉದ್ದದ, ಅದೇ ದಪ್ಪದ ಬ್ರೇಡ್ ತಂದರೆ ಆಯಿತು, ಅಳತೆ ಮತ್ತೆ ನೋಡಬೇಕಾಗಿಲ್ಲ.